ಹಣ್ಣಿನ ಬಣ್ಣ, ಗರ್ಭದ ಮಿದುಳು

ಗರ್ಭಿಣಿಗೆ ಸೋಂಕು ತಗುಲಿದಾಗ ರೋಗಾಣು ಮಗುವಿನ ಮಿದುಳನ್ನು ಮುಟ್ಟಲೇಬೇಕೆಂದಿಲ್ಲ. ಸೋಂಕನ್ನು ಎದುರಿಸಲು ದೇಹ ಹೂಡುವ ಉರಿಯೂತವೇ ಹಾನಿ ಮಾಡಬಲ್ಲದು. ಗರ್ಭಪೊರೆ ಮತ್ತು ಮಾಸಿನಲ್ಲಿ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾದಂಥ, ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್‌ಗಳು ಏರುತ್ತವೆ. ಮಗುವಿನ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳು ಕೆರಳುತ್ತವೆ. ಸುಮಾರು 24ರಿಂದ 32ನೇ ವಾರದ ನಡುವೆ ಇದು ಹೆಚ್ಚು ಅಪಾಯಕರ. ನರತಂತುಗಳಿಗೆ ಮಯಲಿನ್ ಹೊದಿಕೆ ಕಟ್ಟಬೇಕಾದ ಒಲಿಗೊಡೆಂಡ್ರೊಸೈಟ್‌ಗಳು ಆಗಿನ್ನೂ ಬಲಿತಿರುವುದಿಲ್ಲ. ಕೆರಳಿದ ಮೈಕ್ರೋಗ್ಲಿಯಾ ಉಗುಳುವ ರಾಸಾಯನಿಕಗಳಿಗೆ ಸಿಕ್ಕಿ ಅವು ಸಾಯುತ್ತವೆ, ಇಲ್ಲವೇ ಬೆಳೆಯದೆ ಅಲ್ಲೇ ನಿಂತುಬಿಡುತ್ತವೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಕಾಣುವ, ಕೈಕಾಲುಗಳ ಚಲನೆ ಕೆಡಿಸುವ ಸೆರೆಬ್ರಲ್ ಪಾಲ್ಸಿಯ ಹಿಂದೆ ಹಲವು ಬಾರಿ ಇರುವುದು ಬಿಳಿದ್ರವ್ಯದ (ಮಯಲಿನ್ ಹೊದ್ದ ನರತಂತುಗಳ ಭಾಗದ) ಈ ಗಾಯವೇ.

ಈ ಉರಿಯನ್ನು ತಣಿಸಬಹುದೇ ಎಂದು ವಿಜ್ಞಾನಿಗಳು ನೋಡಿದ ವಸ್ತುಗಳಲ್ಲಿ ಫ್ಲೇವನಾಯ್ಡ್‌ಗಳೂ ಸೇರಿವೆ. ನೇರಳೆಯ ಕಡುಬಣ್ಣ, ಈರುಳ್ಳಿಯ ಕ್ವೆರ್ಸೆಟಿನ್, ಕಿತ್ತಳೆಯ ಹೆಸ್ಪೆರಿಡಿನ್, ಚಹಾದ ಕ್ಯಾಟೆಚಿನ್ ಎಲ್ಲವೂ ಈ ಕುಟುಂಬದವು. (ಅರಿಸಿನದ ಕರ್ಕ್ಯುಮಿನ್ ಇದಕ್ಕೆ ಸೇರಿದ್ದಲ್ಲ, ಜನ ಸೇರಿಸಿಬಿಡುತ್ತಾರೆ.) 1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಇವನ್ನು ‘ವಿಟಮಿನ್ ಪಿ’ ಎಂದು ಕರೆದರು, ಆ ಹೆಸರು ಉಳಿಯಲಿಲ್ಲ. ಆಂಟಿಆಕ್ಸಿಡೆಂಟ್ ಎಂಬ ಜಾಹೀರಾತಿನ ಮಾತೂ ಇಲ್ಲಿ ಅರ್ಧಸತ್ಯವೇ. ಪ್ರಯೋಗಾಲಯದಲ್ಲಿ ಕಂಡ ಮುಖ್ಯ ಕೆಲಸ ಬೇರೆ: ಕೋಶದೊಳಗೆ ಉರಿಯೂತದ ಸಂದೇಶ ಸಾಗುವ ದಾರಿಯನ್ನು ಇವು ಅಡ್ಡಗಟ್ಟುತ್ತವೆ. ಲ್ಯೂಟಿಯೋಲಿನ್ ಎಂಬ ಫ್ಲೇವನಾಯ್ಡ್ ಹೀಗೆಯೇ ಮೈಕ್ರೋಗ್ಲಿಯಾದಲ್ಲಿ ಇಂಟರ್‌ಲ್ಯೂಕಿನ್-6ರ ಉತ್ಪತ್ತಿಯನ್ನು ತಗ್ಗಿಸುತ್ತದೆ ಎಂದು 2008ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಮರುವರ್ಷ ಫ್ಲಾರಿಡಾದ ಸಂಶೋಧಕರು ಗರ್ಭಿಣಿ ಇಲಿಗಳಿಗೆ ಇಂಟರ್‌ಲ್ಯೂಕಿನ್-6 ಚುಚ್ಚಿ, ಜೊತೆಗೆ ಲ್ಯೂಟಿಯೋಲಿನ್ ಇಲ್ಲವೇ ಇನ್ನೊಂದು ಫ್ಲೇವನಾಯ್ಡ್ ಆದ ಡಯಾಸ್ಮಿನ್ ಕೊಟ್ಟರು. ಮರಿಗಳ ಮಿದುಳಿಗೂ ವರ್ತನೆಗೂ ಆಗುವ ಕೆಡುಕು ಕಡಿಮೆಯಾಯಿತು.

ದಾಳಿಂಬೆಯ ಕಥೆ ಇನ್ನೂ ಮುಂದೆ ಹೋಗಿದೆ. ತಾಯಿ ಇಲಿ ದಾಳಿಂಬೆ ರಸ ಕುಡಿದಿದ್ದರೆ, ಆಮ್ಲಜನಕದ ಕೊರತೆಗೆ ಒಡ್ಡಿದ ಮರಿಗಳ ಮಿದುಳು ಕಡಿಮೆ ಹಾಳಾಗುತ್ತದೆ ಎಂಬ ವರದಿ 2005ರಲ್ಲಿ ಬಂತು. ಆಮೇಲೆ ಅಮೆರಿಕದಲ್ಲಿ, ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯದಿದ್ದ ಗರ್ಭಿಣಿಯರಿಗೆ ದಿನಕ್ಕೆ ಸುಮಾರು 240 ಮಿಲಿ ರಸ ಕೊಟ್ಟು ನೋಡಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಮಿಶ್ರವಾಗಿತ್ತು. ಶಿಶುಗಳ ಮಿದುಳಿನ ಗಾತ್ರದಲ್ಲಿ ವ್ಯತ್ಯಾಸವಿರಲಿಲ್ಲ, ಆದರೆ ಬಿಳಿದ್ರವ್ಯದ ಸೂಕ್ಷ್ಮ ರಚನೆಯಲ್ಲಿ ಕೆಲವೆಡೆ ಒಳ್ಳೆಯ ಸುಳಿವು ಕಂಡಿತು. ಅದೂ ಸೋಂಕಿನ ಪ್ರಕರಣವಲ್ಲ. ಮೇಲಾಗಿ ದಾಳಿಂಬೆಯ ಬಲವೆಲ್ಲ ಫ್ಲೇವನಾಯ್ಡ್‌ಗಳದ್ದೂ ಅಲ್ಲ, ಟ್ಯಾನಿನ್‌ಗಳ ಪಾಲು ದೊಡ್ಡದು. ಸಮಯದ ತೊಡಕೂ ಇದೆ: ಇಲಿಗೆ ಉರಿಯೂತ ಬರಿಸುವ ದಿನವೇ, ಅಥವಾ ಅದಕ್ಕೂ ಮುಂಚೆ, ಮದ್ದು ಕೊಡಬಹುದು. ಮನುಷ್ಯರಲ್ಲಿ ಸೋಂಕು ಹೇಳಿ ಬರುವುದಿಲ್ಲ.

ಫ್ಲೇವನಾಯ್ಡ್‌ಗಳ ಉರಿಯೂತ ತಗ್ಗಿಸುವ ಗುಣವೇ ಗರ್ಭದ ಕೊನೆಯ ತಿಂಗಳುಗಳಲ್ಲಿ ತೊಂದರೆಯೂ ಆಗಬಲ್ಲದು. ಗರ್ಭಸ್ಥ ಶಿಶುವಿನ ರಕ್ತ ಶ್ವಾಸಕೋಶವನ್ನು ತಪ್ಪಿಸಿ ಹೋಗಲು ಡಕ್ಟಸ್ ಆರ್ಟೀರಿಯೋಸಸ್ ಎಂಬ ನಾಳವಿದೆ. ಅದನ್ನು ತೆರೆದಿಡುವ ಕೆಲಸದಲ್ಲಿ, ಉರಿಯೂತದಲ್ಲೂ ಪಾಲುಗೊಳ್ಳುವ ಪ್ರೊಸ್ಟಗ್ಲಾಂಡಿನ್‌ಗಳ ಪಾತ್ರ ದೊಡ್ಡದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಗ್ಗಿಸಿ ಆ ನಾಳವನ್ನು ಕುಗ್ಗಿಸುತ್ತವೆ. ಅದಕ್ಕೇ ಆಗ ಅವು ನಿಷಿದ್ಧ. ಪಾಲಿಫಿನಾಲ್ (ಫ್ಲೇವನಾಯ್ಡ್‌ಗಳೂ ಸೇರಿದ ದೊಡ್ಡ ಗುಂಪು) ಹೇರಳವಾಗಿರುವ ಗ್ರೀನ್ ಟೀ, ಡಾರ್ಕ್ ಚಾಕೊಲೆಟ್, ದ್ರಾಕ್ಷಿ ರಸಗಳನ್ನು ಅತಿಯಾಗಿ ಸೇವಿಸಿದರೂ ಹೀಗಾಗಬಹುದೆಂದು ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ಹೃದ್ರೋಗ ತಜ್ಞ ಪಾಲೊ ಝೀಲಿನ್‌ಸ್ಕಿ ಮತ್ತು ಸಂಗಡಿಗರು ಗಮನಿಸಿದರು. ಅಂಥ ಆಹಾರ ಕಡಿಮೆ ಮಾಡಿಸಿದ ಮೇಲೆ ನಾಳದ ಹರಿವು ಸುಧಾರಿಸಿತು. ತಟ್ಟೆಯ ಹಣ್ಣು ಆಹಾರ. ಅದರ ಸಾರ ತುಂಬಿದ ಕ್ಯಾಪ್ಸೂಲ್ ಔಷಧಿ, ಗಿಡಮೂಲಿಕೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಕೂಡ.

ಕಬ್ಬಿಣಾಂಶದ ಲೆಕ್ಕವೂ ಇದೆ. ಚಹಾದ ಪಾಲಿಫಿನಾಲ್‌ಗಳು ಕಬ್ಬಿಣ ಹೀರಿಕೆಯನ್ನು ತಡೆಯುತ್ತವೆ; 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ. ಐರನ್ ಮಾತ್ರೆಯನ್ನು ಚಹಾದ ಜೊತೆ ನುಂಗಬಾರದೆನ್ನುವುದು ಇದಕ್ಕೇ.

ಅವಧಿಗೆ ಮುನ್ನ ಹುಟ್ಟಲಿರುವ ಮಗುವಿನ ಮಿದುಳು ಕಾಯಲು ಸದ್ಯಕ್ಕೆ ಮನುಷ್ಯರಲ್ಲಿ ಪುರಾವೆ ಇರುವುದು ಆಸ್ಪತ್ರೆಯ ಮದ್ದುಗಳಿಗೆ. ಸೋಂಕಿಗೆ ಬೇಗ ಆಂಟಿಬಯಾಟಿಕ್ ಕೊಡಬೇಕು. ಸುಮಾರು 32 ವಾರಕ್ಕೆ ಮೊದಲೇ ಹೆರಿಗೆ ಆಗುವ ಸೂಚನೆ ಕಂಡರೆ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಅದು ಸೆರೆಬ್ರಲ್ ಪಾಲ್ಸಿಯ ಅಪಾಯವನ್ನು ಹೆಚ್ಚುಕಡಿಮೆ ಮೂರನೇ ಒಂದರಷ್ಟು ತಗ್ಗಿಸುತ್ತದೆ.