ಹಸನ್ ಬಿಟ್ಟುಕೊಟ್ಟರು, ಹುಸೇನ್ ಒಪ್ಪಲಿಲ್ಲ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಒಮ್ಮೆ ಮೊಹರಂ ಮುಗಿದ ಮರುದಿನ ಒಬ್ಬ ಹುಡುಗ ಕುಂಟುತ್ತ ಕ್ಲಾಸಿಗೆ ಬಂದ. ಮುಸ್ಲಿಮರ ಹುಡುಗನಲ್ಲ. ಹೆಜ್ಜೆ ಮೇಳದಲ್ಲಿ ಕುಣಿದು ಕಾಲು ಬಾತಿತ್ತು. "ಸರ, ಹುಸೇನರನ್ನ ಕೊಂದವರು ಯಾವ ಧರ್ಮದವರ್ರೀ?" ಎಂದು ಕೇಳಿದ. ಕೊಂದವರೂ ಮುಸ್ಲಿಮರೇ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಕೊಡದ ಉತ್ತರವನ್ನು ಇಂದು ನಿಮಗೆ ಹೇಳುತ್ತೇನೆ.

632ರಲ್ಲಿ ಪ್ರವಾದಿ ಮುಹಮ್ಮದ್(ಸ) ತೀರಿಕೊಂಡಾಗ, ಮುಂದೆ ಸಮುದಾಯವನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ಮದೀನಾದ ಅನ್ಸಾರರು ಸಭೆ ಸೇರಿದರು. ಕೊನೆಗೆ ಹಜರತ್ ಅಬೂಬಕರ್(ರ) ಖಲೀಫರಾದರು. 634ರಲ್ಲಿ ಹಜರತ್ ಉಮರ್(ರ), 644ರಲ್ಲಿ ಹಜರತ್ ಉಸ್ಮಾನ್(ರ) ಬಂದರು. ಆ ಹೊತ್ತಿಗೆ ಸಿರಿಯಾ, ಇರಾಕ್, ಈಜಿಪ್ಟ್ ಖಿಲಾಫತ್ತಿಗೆ ಸೇರಿದ್ದವು. ರಾಜ್ಯ ಬೆಳೆದಂತೆ ಅಸಮಾಧಾನವೂ ಬೆಳೆಯಿತು. 656ರಲ್ಲಿ ಬಂಡುಕೋರರು ಉಸ್ಮಾನರನ್ನು ಅವರ ಮನೆಯಲ್ಲೇ ಕೊಂದರು.

ನಂತರ ಖಲೀಫರಾದ ಹಜರತ್ ಅಲಿ(ರ) ಅವರಿಗೆ ನೆಮ್ಮದಿ ಸಿಗಲಿಲ್ಲ. ಉಸ್ಮಾನರನ್ನು ಕೊಂದವರಿಗೆ ಮೊದಲು ಶಿಕ್ಷೆಯಾಗಲಿ ಎಂದರು ಸಿರಿಯಾದ ಅಧಿಕಾರಿ, ಉಸ್ಮಾನರ ಬಂಧು ಮುಆವಿಯಾ. 657ರಲ್ಲಿ ಸಿಫ್ಫೀನ್‌ನಲ್ಲಿ ಯುದ್ಧವಾಯಿತು. ಪಂಚಾಯ್ತಿ ಮಾಡಿ ತೀರಿಸೋಣವೆಂದು ನಿಲ್ಲಿಸಿದರು. ಪಂಚಾಯ್ತಿಗೆ ಒಪ್ಪಿದ್ದೇ ತಪ್ಪೆಂದು ಅಲಿಯವರ ಕಡೆಯ ಕೆಲವರು ಸಿಡಿದು ಹೋದರು. ಅವರೇ ಖಾರಿಜಿಗಳು. ಅವರಲ್ಲೊಬ್ಬ 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯವರ ಮೇಲೆ ಕತ್ತಿ ಬೀಸಿದ. ಅವರು ಆ ಗಾಯದಿಂದಲೇ ತೀರಿಕೊಂಡರು.

ಇಲ್ಲಿಂದ ಮುಂದಿನದು ನಮ್ಮ ಅಲಾಯಿ ಕುಣಿಯ ಸುತ್ತ ರಿವಾಯತ್ ಪದಗಳಾಗಿ ನಿಮ್ಮ ಕಿವಿಗೆ ಬಿದ್ದೇ ಇದೆ. ಆದರೆ ನಾವು ಹುಸೇನರಿಗೆ ಅತ್ತಷ್ಟು ಹಸನರ ಬಗ್ಗೆ ಯೋಚಿಸಿಲ್ಲ. ತಂದೆಯ ನಂತರ ಹಿರಿಯ ಮಗ ಹಸನರೇ ಖಲೀಫರಾಗಿದ್ದರು. ಜೊತೆಗೆ ಸೈನ್ಯವೂ ಇತ್ತು. ಮುಸ್ಲಿಮರ ರಕ್ತ ಮತ್ತೆ ಹರಿಯುವುದು ಬೇಡವೆಂದು ಕೆಲವೇ ತಿಂಗಳಲ್ಲಿ ಅಧಿಕಾರವನ್ನು ಮುಆವಿಯಾರಿಗೆ ಬಿಟ್ಟುಕೊಟ್ಟರು. ರಾಜಧಾನಿ ದಮಾಸ್ಕಸ್ ಆಯಿತು. ಮುಆವಿಯಾ ತಮ್ಮ ಮಗ ಯಜೀದನನ್ನೇ ಮುಂದಿನವನೆಂದು ಗೊತ್ತುಮಾಡಿದಾಗ ಕಿರಿಯ ಹುಸೇನ್ ಒಪ್ಪಲಿಲ್ಲ. 680ರಲ್ಲಿ, ಹಿಜರಿ 61ರ ಮೊಹರಂ ಹತ್ತರಂದು, ಕರ್ಬಲಾದಲ್ಲಿ ಬೆರಳೆಣಿಕೆಯ ಸಂಗಾತಿಗಳೊಂದಿಗೆ ಹುತಾತ್ಮರಾದರು. ಅಣ್ಣ ಬಿಟ್ಟುಕೊಟ್ಟರು, ತಮ್ಮ ಬಗ್ಗಲಿಲ್ಲ. ನಮ್ಮೂರ ಜನ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಅದು ನನಗೆ ಬಹಳ ಸರಿ ಅನಿಸುತ್ತದೆ.

ಮಕ್ಕಳೇ, ಒಂದು ಲೆಕ್ಕ ಗಮನಿಸಿ. ನಮ್ಮಲ್ಲಿ ಹೆಚ್ಚಿನವರು ಅನುಸರಿಸುವ ಇಮಾಮ್ ಅಬೂ ಹನೀಫಾ ಹುಟ್ಟಿದ್ದು 699ರಲ್ಲಿ, ಅದೇ ಕೂಫಾದಲ್ಲಿ. ಕರ್ಬಲಾ ಆಗಿ 19 ವರ್ಷವಾಗಿತ್ತು. ಸಿಫ್ಫೀನ್‌ನಲ್ಲಿ ಕತ್ತಿ ಹಿಡಿದು ಎದುರುಬದುರು ನಿಂತವರು ಒಂದೇ ಕಿಬ್ಲಾದ ಕಡೆ ನಮಾಜು ಮಾಡುತ್ತಿದ್ದರು. ಜಗಳವಿದ್ದದ್ದು ಯಾರು ಆಳಬೇಕು ಎಂಬುದಕ್ಕೆ. ನಾವಿಂದು ಹೇಳಿಕೊಳ್ಳುವ ಹೆಸರುಗಳು ಆಮೇಲೆ ಬಂದವು. ಬಿಜಾಪುರದ ಆದಿಲ್‌ಶಾಹಿಗಳನ್ನೇ ನೋಡಿ: ಯೂಸುಫ್ ಶಿಯಾ, 1534ರಲ್ಲಿ ಪಟ್ಟಕ್ಕೆ ಬಂದ ಮೊದಲ ಇಬ್ರಾಹಿಂ ಸುನ್ನಿ, 1558ರಲ್ಲಿ ಅವನ ಮಗ ಅಲಿ ಮತ್ತೆ ಶಿಯಾ. ರೈತ ಮಾತ್ರ ಯಾರಿದ್ದರೂ ಕಂದಾಯ ಕಟ್ಟಿದ!

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ನಮ್ಮ ಅರ್ಜಿ ನಮೂನೆಯಲ್ಲಿ "ಯಾವ ಜಮಾತ್" ಎಂದೊಂದು ಕಾಲಂ ಇದೆ. ಹೋದ ವರ್ಷ ಒಬ್ಬ ಹುಡುಗಿ ಅದನ್ನು ಖಾಲಿ ಬಿಟ್ಟಿದ್ದಳು. ಅರ್ಜಿ ಅಪೂರ್ಣವೆಂದು ಬದಿಗಿಟ್ಟೆವು. ಪರಿಶೀಲನೆಗೆ ಕೂತವರಲ್ಲಿ ನಾನೂ ಒಬ್ಬ, ಸಹಿಯನ್ನೂ ಹಾಕಿದ್ದೇನೆ. ಅಂಕಪಟ್ಟಿ ನೋಡಿದ್ದು ಆಮೇಲೆ.

ಮುಂದಿನ ವರ್ಷದ ನಮೂನೆ ಅಚ್ಚಿಗೆ ಹೋಗುವ ಮೊದಲು ಆ ಕಾಲಂ ತೆಗೆಯಿರಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಜೆರಾಕ್ಸ್, ಇಷ್ಟು ಸಾಕು. ಆ ಹುಡುಗಿಯ ಮನೆಗೆ ಹೊಸ ಅರ್ಜಿಯನ್ನು ನಾನೇ ಒಯ್ದು ಕೊಡುತ್ತೇನೆ.