ತಲೆಯ ಮೇಲಿನ ಮಣ್ಣು, ಕಾಲಡಿಯ ಕಲ್ಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಎರಡೂ ಕೈ ಖಾಲಿ ಮಾಡುವ ಕೆಲಸಗಳೆಂಬುದು ಅದರ ಸಾಮಾನ್ಯ ಅರ್ಥ. ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಮದುವೆಯ ಸಾಲ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ತೀರುತ್ತದೆ. ಬುನಾದಿಯಲ್ಲಿ, ಗೋಡೆಯಲ್ಲಿ, ಛಾವಣಿಯಲ್ಲಿ ಆದ ತಪ್ಪನ್ನು ಮಾತ್ರ ಮಕ್ಕಳು ಮೊಮ್ಮಕ್ಕಳೂ ಅನುಭವಿಸಬೇಕಾಗುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಮನೆ ಕಟ್ಟುವ ಮಾತು ಎದ್ದಾಗ ಅನೇಕ ಮನೆಗಳಲ್ಲಿ ನಡೆಯುವ ಸಂಭಾಷಣೆ ಹೆಚ್ಚುಕಡಿಮೆ ಒಂದೇ. ಮಗ ಹೇಳುತ್ತಾನೆ: “ಅವ್ವಾ, ಈ ಮಣ್ಣಿನ ಮಾಳಿಗಿ ಸಾಕು. ಕೆಡವಿ ಸ್ಲ್ಯಾಬ್ ಹಾಕಸೋಣ.” ತಾಯಿ ಕೇಳುತ್ತಾಳೆ: “ಹಾಕಸ್ತಿ ಖರೆ, ಬ್ಯಾಸಗ್ಯಾಗ ಅದರ ಕೆಳಗ ಹ್ಯಾಂಗ ಮಲಗಬೇಕೋ ಯಪ್ಪಾ?” ಇಬ್ಬರ ಮಾತಿನಲ್ಲೂ ಸತ್ಯವಿದೆ. ಮಗ ಸುರಕ್ಷತೆಯ ಮಾತಾಡುತ್ತಿದ್ದಾನೆ, ತಾಯಿ ತಂಪಿನ ಮಾತಾಡುತ್ತಿದ್ದಾಳೆ. ಬೇಸಿಗೆಯಲ್ಲಿ ಉಷ್ಣಾಂಶ 42–43 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಎರಡನ್ನೂ ಒಂದೇ ಸೂರಿನಡಿ ಹೊಂದಿಸುವುದು ಹೇಗೆ ಎಂಬುದೇ ಮನೆ ಕಟ್ಟಿಸುವವರ ಮುಂದಿರುವ ಮುಖ್ಯ ಪ್ರಶ್ನೆ.

ಮೊದಲು ಈ ನೆಲದ ಪರಿಚಯ ಅಗತ್ಯ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಸುಣ್ಣಕಲ್ಲಾಯಿತು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸಿ, ಅದರ ಒಂದು ಮುಖ್ಯ ಪದರಕ್ಕೆ ಶಹಾಬಾದಿನ ಹೆಸರನ್ನೇ ಕೊಟ್ಟಿದ್ದಾರೆ. ಉಳಿ, ಸುತ್ತಿಗೆ ಹಿಡಿದು ಬಡಿದರೆ ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುವ ಈ ಕಲ್ಲನ್ನೇ ಜನ ಪರ್ಸಿ ಎನ್ನುತ್ತಾರೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನಗೊಂಡ ಬೌದ್ಧ ಸ್ತೂಪದ ಕೆತ್ತನೆಯ ಫಲಕಗಳು ಸುಣ್ಣಕಲ್ಲಿನವೇ. ಸಾಮ್ರಾಟ ಅಶೋಕನ ಹೆಸರು ಬರೆದಿರುವ ಅವನ ಶಿಲ್ಪವೂ ಅಲ್ಲಿ ದೊರೆತಿದೆ. ಸುಮಾರು ಎರಡು ಸಾವಿರ ವರ್ಷಗಳಿಂದ ಈ ಭಾಗದವರ ಕೈಗೆ ಪಳಗಿದ ಕಲ್ಲು ಇದು.

1871ರಲ್ಲಿ ಮುಂಬೈ ಕಡೆಯ ರೈಲುಮಾರ್ಗ ಈ ಮೂಲಕ ರಾಯಚೂರಿನವರೆಗೆ ಬಂದಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಆ ಬಳಿಕ ಶಹಾಬಾದಿನ ಪರ್ಸಿ ದೂರದ ಊರುಗಳ ಅಂಗಳವನ್ನೂ ಸೇರಿತು. ಮಹಾರಾಷ್ಟ್ರದಲ್ಲಿ ಇಂದಿಗೂ ಹಾಸುಗಲ್ಲನ್ನು ‘ಶಹಾಬಾದಿ’ ಎಂದೇ ಕರೆಯುವವರಿದ್ದಾರೆ. ಇದೇ ಕಲ್ಲನ್ನು ಪುಡಿಮಾಡಿ, ಜೇಡಿಯೊಂದಿಗೆ ಬೆರೆಸಿ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಮೂಲವಸ್ತು ಸಿದ್ಧವಾಗುತ್ತದೆ. ನಿಜಾಮರ ಕಾಲದಲ್ಲಿ ಶಹಾಬಾದಿನಲ್ಲಿ, 1968ರಲ್ಲಿ ವಾಡಿಯಲ್ಲಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದು ಈ ಕಲ್ಲಿನ ಬಲದಿಂದಲೇ. ಕಲ್ಲೂ ಸಿಮೆಂಟೂ ಮನೆ ಬಾಗಿಲಲ್ಲೇ ಸಿಗುವ ಸೀಮೆ ಇದು. ಹಾಗಿದ್ದೂ ಇಲ್ಲಿನ ಮನೆಗಳ ಗೋಡೆ ಬಿರಿಯುವುದೇಕೆ, ಜನ ಭೂಕಂಪಕ್ಕೆ ಹೆದರಿ ಬೀದಿಗೆ ಬರುವುದೇಕೆ?

ಭಯಕ್ಕೆ ಕಾರಣವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ತೀವ್ರತೆ 6.2. ಚಿಂಚೋಳಿಯಿಂದ ಕಿಲ್ಲಾರಿಗೆ ನೇರ ದೂರ ನೂರು ಕಿಲೋಮೀಟರಿನ ಆಸುಪಾಸು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಜನ ಮತ್ತೆ ಏಳಲಿಲ್ಲ. ಅವರನ್ನು ಕೊಂದದ್ದು ಭೂಮಿಯ ನಡುಕಕ್ಕಿಂತ ಹೆಚ್ಚಾಗಿ ಅವರ ಮನೆಗಳೇ ಎಂಬುದು ಆ ದುರಂತದ ಕಹಿ ಪಾಠ. ಅಲ್ಲಿಯ ಮನೆಗಳು ಈ ಕಡೆಯ ಹಳೆಯ ಮನೆಗಳಂತೆಯೇ ಇದ್ದವು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿಯೊಳಗಿಂದ ಸದ್ದು ಕೇಳಿಬಂದು, ಮೇಲಿಂದ ಮೇಲೆ ಕಂಪನಗಳಾದವು. ಅಕ್ಟೋಬರ್ 11ರ ರಾತ್ರಿಯ ಕಂಪನದ ತೀವ್ರತೆ 4.1 ಇತ್ತು. ಮಳೆಯ ನೀರು ಸುಣ್ಣಕಲ್ಲಿನ ಸಂದುಗಳಿಗೆ ಇಳಿಯುವುದು ಇದಕ್ಕೆ ಕಾರಣವಿರಬಹುದೆಂದು ತಜ್ಞರು ಅಭಿಪ್ರಾಯಪಟ್ಟರು. ಜನ ಮನೆಯೊಳಗೆ ಮಲಗಲು ಅಂಜಿ ರಾತ್ರಿಗಳನ್ನು ಹೊರಗೆ ಕಳೆದರು. ಮನೆಯೆಂಬುದು ಇರುವುದೇ ರಾತ್ರಿ ನೆಮ್ಮದಿಯಿಂದ ಮಲಗುವುದಕ್ಕೆ. ಆ ನೆಮ್ಮದಿಯೇ ಇಲ್ಲದಿದ್ದರೆ ಎಷ್ಟು ಖರ್ಚು ಮಾಡಿ ಕಟ್ಟಿದರೇನು?

ಮಣ್ಣಿನ ಮಾಳಿಗೆಯ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಸೋರಿಕೆ ತಡೆಯಲು ಪ್ರತಿ ಮಳೆಗಾಲಕ್ಕೆ ಮುನ್ನ ಒಂದಿಷ್ಟು ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ತಾತನ ಕಾಲದಲ್ಲಿ ಒಂಬತ್ತು ಅಂಗುಲವಿದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಎರಡು ಅಡಿಯಾಗುತ್ತದೆ. ಒಂದು ಘನ ಅಡಿ ಮಣ್ಣು 45 ಕಿಲೋ ಎಂದಿಟ್ಟುಕೊಂಡರೂ, ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದೇ ಕೋಣೆಯ ಮೇಲೆ ಹತ್ತು ಟನ್ನಿಗೂ ಹೆಚ್ಚು ಭಾರ ಕೂತಿರುತ್ತದೆ. ಅಷ್ಟೇ ಜಾಗದ ಐದು ಅಂಗುಲದ ಕಾಂಕ್ರೀಟ್ ಸ್ಲ್ಯಾಬಿನ ಭಾರ ಇದರ ಮೂರನೇ ಒಂದು ಭಾಗದಷ್ಟು ಮಾತ್ರ. ಭೂಮಿ ನಡುಗಿದಾಗ ಮೇಲಿನ ಭಾರ ಹೆಚ್ಚಿದಷ್ಟೂ ಗೋಡೆಯ ಮೇಲಿನ ಹೊಡೆತ ಹೆಚ್ಚು. ಹಳೆಯ ಮನೆಯನ್ನು ಕೆಡವುವ ಶಕ್ತಿ ಇಲ್ಲದವರು ಮೊದಲು ಮಾಡಬೇಕಾದ ಕೆಲಸ ಇದು: ಮಾಳಿಗೆಯ ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸುವುದು. ಸೋರಿಕೆಗೆ ಮಣ್ಣಿನ ಪದರದ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಆಯಿತು. ಇದಕ್ಕೆ ಬೇಕಾದದ್ದು ಕೆಲವು ದಿನಗಳ ಕೂಲಿ ಅಷ್ಟೆ.

ಇನ್ನು ಗೋಡೆ. ಹಳೆಯ ದಪ್ಪ ಗೋಡೆ ನೋಡಲು ಒಂದೇ ಆದರೂ ಅದು ಬಹುಮಟ್ಟಿಗೆ ಎರಡು ಗೋಡೆ. ಒಳಮುಖಕ್ಕೊಂದು, ಹೊರಮುಖಕ್ಕೊಂದು ಸಾಲು ಕಲ್ಲು ಇಟ್ಟು ನಡುವೆ ಮಣ್ಣು, ಚೂರುಕಲ್ಲು ತುಂಬಿರುತ್ತಾರೆ. ನಡುಗಿದಾಗ ಎರಡು ಸಾಲೂ ಬೇರೆಯಾಗಿ ಒಂದು ಒಳಗೆ, ಒಂದು ಹೊರಗೆ ಕುಸಿಯುತ್ತದೆ. ಕಲ್ಲಿನಲ್ಲೇ ಗೋಡೆ ಕಟ್ಟಿಸುವವರು ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದರಂತೆ ಗೋಡೆಯ ಪೂರ್ತಿ ದಪ್ಪವನ್ನು ಹಾಯುವ ಉದ್ದ ಕಲ್ಲು ಇಡಿಸಬೇಕು. ಬುನಾದಿಯ ಮೇಲೊಂದು, ಬಾಗಿಲು ಕಿಟಕಿಗಳ ತಲೆಯ ಮಟ್ಟಕ್ಕೊಂದು ಕಾಂಕ್ರೀಟಿನ ಪಟ್ಟಿ ಮನೆಯ ಸುತ್ತ ಎಲ್ಲೂ ಕಡಿಯದಂತೆ ಹೋಗಬೇಕು. ಸೊಂಟಕ್ಕೆ ಬಿಗಿದ ಪಟಕದಂತೆ ಇದು ನಾಲ್ಕೂ ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಪದರಗಲ್ಲಾದ್ದರಿಂದ ಇನ್ನೊಂದು ಎಚ್ಚರವೂ ಬೇಕು: ಗಣಿಯಲ್ಲಿ ಮಲಗಿದ್ದ ರೀತಿಯಲ್ಲೇ ಕಲ್ಲು ಗೋಡೆಯಲ್ಲೂ ಮಲಗಬೇಕು. ನಿಲ್ಲಿಸಿ ಕಟ್ಟಿದರೆ ಭಾರಕ್ಕೆ ಪದರ ಬಿಚ್ಚಿಕೊಳ್ಳುತ್ತದೆ.

ಗೋಡೆ ಬಿರಿಯುವುದಕ್ಕೆ ಕಂಪನವೇ ಬೇಕಿಲ್ಲ, ಎರಿ ಮಣ್ಣೊಂದೇ ಸಾಕು. ಜೋಳ, ತೊಗರಿಗೆ ಹೊನ್ನಿನಂಥ ಈ ಕರಿಮಣ್ಣು ಮನೆಗೆ ಮಾತ್ರ ಹಗೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಬುನಾದಿಯೂ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಇದರ ಗುರುತು. ಗಿಲಾವು ಎಷ್ಟು ಸಲ ಮಾಡಿಸಿದರೂ ಅದು ಮತ್ತೆ ಕಾಣಿಸುತ್ತದೆ.

ಆದ್ದರಿಂದ ಮನೆಯ ನಕ್ಷೆ ಬರೆಸುವ ಮುನ್ನ ನಿವೇಶನದ ಎರಡು ಮೂರು ಕಡೆ ಗುಂಡಿ ತೋಡಿಸಿ ನೋಡಬೇಕು. ನಾಲ್ಕೈದು ಅಡಿಯಲ್ಲಿ ಗರಸು ಅಥವಾ ಕಲ್ಲು ಸಿಕ್ಕರೆ ಬುನಾದಿಯನ್ನು ಅಲ್ಲಿಗೇ ಇಳಿಸುವುದು ಉತ್ತಮ. ಮನೆಯೊಳಗಿನ ಕರಿಮಣ್ಣನ್ನೂ ತೆಗೆದು, ಗರಸನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಬೇಕು. ತೋಡಿದ ಕರಿಮಣ್ಣನ್ನೇ ಮರಳಿ ತುಂಬುವುದು ಗೌಂಡಿಗೆ ಅಗ್ಗವಾಗಬಹುದು, ಮಾಲೀಕನಿಗಲ್ಲ. ಕರಿಮಣ್ಣು ತೀರ ಆಳವಿದ್ದರೆ ಬೇರೊಂದು ದಾರಿಯಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿದ ಕಾಂಕ್ರೀಟ್ ಕಂಬಗಳಿವೆ. ಕೆಳತುದಿಯಲ್ಲಿ ಗಂಟೆಯಂತೆ ಅಗಲವಾದ ಇವು ಸುಮಾರು ಹನ್ನೆರಡು ಅಡಿ ಆಳಕ್ಕಿಳಿದು, ಮಳೆ ಬಿಸಿಲಿಗೆ ಮಣ್ಣು ಅಲುಗಾಡದ ಮಟ್ಟದಲ್ಲಿ ಮನೆಯನ್ನು ಹಿಡಿದು ನಿಲ್ಲಿಸುತ್ತವೆ. ಆದರೆ ಇದು ಎಂಜಿನಿಯರರ ಲೆಕ್ಕವಿಲ್ಲದೆ ಮಾಡುವ ಕೆಲಸವಲ್ಲ.

ಸಿಮೆಂಟಿನ ಕಾರ್ಖಾನೆ ಊರಲ್ಲಿದ್ದ ಮಾತ್ರಕ್ಕೆ ಕಾಂಕ್ರೀಟು ಗಟ್ಟಿಯಾಗುವುದಿಲ್ಲ. ಅದು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಂದಿಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಇಲ್ಲಿಯ ಬಿಸಿಲಿಗೆ ಆ ನೀರು ಕೆಲವೇ ಗಂಟೆಗಳಲ್ಲಿ ಆವಿಯಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿಸುವುದಾದರೆ ನಸುಕಿನಲ್ಲೋ ಸಂಜೆಗೋ ಹಾಕಿಸಬೇಕು. ಮೇಲೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಹಸಿ ಗೋಣಿತಾಟು ಸುತ್ತಿ ಕಡಿಮೆಯೆಂದರೆ 10 ದಿನ, ಮಿಶ್ರ ಸಿಮೆಂಟಾದರೆ 14 ದಿನ ನೀರುಣಿಸಬೇಕು. ಸರಾಗವಾಗಿ ಹರಿಯಲೆಂದು ಕಲಸುವಾಗ ಹೆಚ್ಚು ನೀರು ಸುರಿದರೆ ಬಲ ಕುಗ್ಗುತ್ತದೆ. ಮೂರು ತಿಂಗಳು ದಾಟಿದ ಚೀಲದ ಸಿಮೆಂಟನ್ನು ಪರೀಕ್ಷಿಸದೆ ಛಾವಣಿಗೆ ಬಳಸಬಾರದು.

ಈಗ ತಾಯಿಯ ಪ್ರಶ್ನೆಗೆ ಬರಬಹುದು. ಸ್ಲ್ಯಾಬಿನ ಕೆಳಗೆ ಬೇಸಿಗೆ ಕಳೆಯುವುದು ಹೇಗೆ? ಮಾಳಿಗೆಯ ಮನೆಯ ತಂಪು ಕೇವಲ ಮಣ್ಣಿನದಲ್ಲ. ಎತ್ತರದ ಛಾವಣಿ, ಬೆಳಕಿಂಡಿಯಿಂದ ಮೇಲೇರಿ ಹೊರಹೋಗುವ ಬಿಸಿಗಾಳಿ, ಮುಂದಿನ ಪಡಸಾಲೆಯ ನೆರಳು, ಎಲ್ಲವೂ ಸೇರಿ ಆ ತಂಪು. ಇವನ್ನು ಸ್ಲ್ಯಾಬಿನ ಮನೆಗೂ ತರಬಹುದು. ಮೇಲ್ಛಾವಣಿಗೆ ಬಿಳಿ ಒಡೆದ ಟೈಲ್ಸಿನ ತುಣುಕುಗಳನ್ನು ಹಾಸಿದರೆ ಅಥವಾ ಪ್ರತಿ ವರ್ಷ ಬೇಸಿಗೆಗೆ ಮುನ್ನ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಮೇಲಕ್ಕೇ ಮರಳುತ್ತದೆ. ಪಡುವಣ ಗೋಡೆಯಲ್ಲಿ ದೊಡ್ಡ ಕಿಟಕಿ ಬೇಡ. ಇದ್ದರೆ ಅದಕ್ಕೆ ಅಗಲವಾದ ಸಜ್ಜಾ ಬೇಕು. ಎದುರುಬದುರು ಕಿಟಕಿ, ಗೋಡೆಯ ತುದಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ, ಇವು ನಕ್ಷೆಯಲ್ಲೇ ಇದ್ದರೆ ಖರ್ಚು ಹೆಚ್ಚಿಲ್ಲ.

ನೆಲಕ್ಕೆ ಊರಿನ ಪರ್ಸಿಗಿಂತ ತಂಪಾದದ್ದನ್ನು ದೂರದಿಂದ ತರಿಸಬೇಕಾಗಿಲ್ಲ. ಆದರೆ ಅದರ ಗುಣ ತಿಳಿದಿರಬೇಕು. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆಹುಳಿ ಬಿದ್ದಲ್ಲಿ ಮೆರುಗು ಹೋಗಿ ಕಲೆ ಉಳಿಯುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ತಗುಲಿದರೆ ಕಲ್ಲು ನೊರೆಯೆದ್ದು ಸವೆಯುತ್ತದೆ. ಹಾಗಾಗಿ ಅಡುಗೆಕಟ್ಟೆಗೆ ಗ್ರಾನೈಟ್, ಉಳಿದೆಡೆ ಪರ್ಸಿ ಎಂಬುದು ಒಳ್ಳೆಯ ಹಂಚಿಕೆ. ಪಾಲಿಶ್ ಮಾಡಿದ ಕಲ್ಲು ಒಳಗಿರಲಿ. ಬಚ್ಚಲು, ಮೆಟ್ಟಿಲು, ಅಂಗಳಗಳಲ್ಲಿ ಒರಟು ಮುಖದ್ದೇ ಇರಲಿ, ಇಲ್ಲವಾದರೆ ಮುದುಕರು ಜಾರುತ್ತಾರೆ. ಹಾಸುವಾಗ ಕೆಳಗೆ ಟೊಳ್ಳು ಉಳಿಯದಂತೆ ಗಾರೆ ತುಂಬಿಸಬೇಕು. ಒಣಗಿದ ಮೇಲೆ ತಟ್ಟಿ ನೋಡಿದರೆ ಸದ್ದೇ ಟೊಳ್ಳನ್ನು ಹೇಳುತ್ತದೆ.

ಕೊನೆಯದಾಗಿ ಅಂಗಳ. ಮನೆಯ ಸುತ್ತ ಮೂರ್ನಾಲ್ಕು ಅಡಿ ಅಗಲಕ್ಕೆ, ಹೊರಕ್ಕೆ ಇಳಿಜಾರಾಗಿ ಪರ್ಸಿ ಹಾಸಿದರೆ ಮಳೆನೀರು ಬುನಾದಿಗೆ ಇಳಿಯದು. ಪಾಲಿಶ್ ಘಟಕಗಳ ಬಳಿ ರಾಶಿ ಬಿದ್ದಿರುವ ತುಂಡುಗಳೇ ಇದಕ್ಕೆ ಸಾಕು. ಮಾಳಿಗೆಯ ನೀರನ್ನು ಕೊಳವೆಯಲ್ಲಿ ಗೋಡೆಯಿಂದ ದೂರ ಒಯ್ದು ಇಂಗುಗುಂಡಿಗೆ ಬಿಡಬೇಕು. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು.

ಬೇವು, ಹೊಂಗೆಗಳು ಈ ಬಿಸಿಲಿಗೆ ಒಗ್ಗಿದ ಮರಗಳು. ಪಡುವಣ ದಿಕ್ಕಿಗಿದ್ದರೆ ಇಳಿಹೊತ್ತಿನ ಬಿಸಿಲನ್ನು ತಡೆಯುತ್ತವೆ. ಆದರೆ ಕರಿಮಣ್ಣಿನಲ್ಲಿ ದೊಡ್ಡ ಮರ ಬುನಾದಿಯ ಪಕ್ಕದ ತೇವವನ್ನೆಲ್ಲ ಹೀರಿ ನೆಲ ಕುಗ್ಗಿಸುತ್ತದೆ. ಅದನ್ನು ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರ ನೆಡಬೇಕು. ಅಷ್ಟು ಜಾಗವಿಲ್ಲದವರಿಗೆ ನುಗ್ಗೆ, ಕರಿಬೇವು, ದಾಸವಾಳ ಸಾಕು. ಸುಣ್ಣದಂಶದ ಮಣ್ಣಿನಲ್ಲಿ ನಿಂಬೆಯ ಎಲೆ ಹಳದಿಯಾದರೆ ಅದಕ್ಕೆ ಹೆಚ್ಚಾಗಿ ಕಬ್ಬಿಣದಂಶದ ಕೊರತೆಯೇ ಕಾರಣ. ಮೂರಡಿ ಗುಂಡಿ ತೋಡಿ ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟರೆ ಗಿಡ ಚೇತರಿಸಿಕೊಳ್ಳುತ್ತದೆ.

ಬಂಧುಗಳೇ, ಮನೆ ಕಟ್ಟಿಸುವವರ ಹಣ ಸಾಮಾನ್ಯವಾಗಿ ನಡುವೆಯೇ ಮುಗಿಯುತ್ತದೆ. ಆಗ ಯಾವುದನ್ನು ಬಿಡಬೇಕೆಂಬ ತೀರ್ಮಾನವೇ ಮನೆಯ ಆಯುಷ್ಯವನ್ನು ನಿರ್ಧರಿಸುತ್ತದೆ. ಬಣ್ಣವನ್ನು ಮುಂದಿನ ವರ್ಷ ಹಚ್ಚಿಸಬಹುದು. ಕಾಂಪೌಂಡನ್ನು ಮಗಳ ಮದುವೆಯ ಹೊತ್ತಿಗೆ ಕಟ್ಟಿಸಬಹುದು. ನೆಲದ ಪಾಲಿಶ್ ಎಂದಾದರೂ ಆದೀತು. ಗರಸಿನ ಬುನಾದಿ, ಗೋಡೆಗೆ ಬಿಗಿದ ಕಾಂಕ್ರೀಟ್ ಪಟ್ಟಿ, ಸ್ಲ್ಯಾಬಿಗೆ ಉಣಿಸುವ ನೀರು, ಈ ಮೂರನ್ನು ಮಾತ್ರ ಆಮೇಲೆ ಮಾಡಿಸಲಾಗದು. ಇವು ಯಾರ ಕಣ್ಣಿಗೂ ಕಾಣುವುದಿಲ್ಲ, ಗೃಹಪ್ರವೇಶಕ್ಕೆ ಬಂದವರು ಹೊಗಳುವುದೂ ಇಲ್ಲ. ಆದರೆ ನಡುರಾತ್ರಿ ಭೂಮಿ ಗುಡುಗಿದಾಗ ಮಗನ ಸ್ಲ್ಯಾಬ್ ನಿಲ್ಲುವುದು ಇವುಗಳ ಮೇಲೆಯೇ. ಜೊತೆಗೆ ಬಿಳಿ ಛಾವಣಿ, ಬೆಳಕಿಂಡಿ, ಪಡುವಣದ ಬೇವು ಇದ್ದರೆ ತಾಯಿಯೂ ಬೇಸಿಗೆಯಲ್ಲಿ ಅದೇ ಸ್ಲ್ಯಾಬಿನ ಕೆಳಗೆ, ತಂಪು ಪರ್ಸಿಯ ಮೇಲೆ ಚಾಪೆ ಹಾಸಿ ಮಲಗಬಹುದು.