ಭಾಗ್ಯಶಾಲಿಯಾದ ಒಬ್ಬ ಸಿಪಾಯಿ



ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಧಾರಣವಾಗಿ ಸೇನಾಪತಿಗಳ ಕಣ್ಣಿನಿಂದ ನೋಡಿ ಬರೆಯುತ್ತಾರೆ. ಹಳ್ಳಿಯಿಂದ ಹೋದ ಸಿಪಾಯಿಯ ಹೆಸರು ದೊರೆಯುವುದು ಬಹುಮಟ್ಟಿಗೆ ಮಡಿದವರ ಪಟ್ಟಿಯಲ್ಲಿ. ಬದುಕಿ ಬಂದನೆಂದರೆ ಅದೂ ಇಲ್ಲ. ಹಾಗೆ ಬದುಕಿ ಬಂದು ತನ್ನ ಕಥೆಯನ್ನು ತಾನೇ ಬರೆದಿಟ್ಟ ಆಸ್ಟ್ರೇಲಿಯಾ ದೇಶದ ಆಲ್ಬರ್ಟ್ ಫೇಸಿ ಎಂಬವನ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಅಪೇಕ್ಷೆ.

ಫೇಸಿಯು ೧೮೯೪ನೆಯ ಇಸವಿಯಲ್ಲಿ ವಿಕ್ಟೋರಿಯಾ ಪ್ರಾಂತದಲ್ಲಿ ಹುಟ್ಟಿದನು. ಶೈಶವದಲ್ಲಿಯೇ ತಂದೆ ತೀರಿಕೊಂಡನು. ತಾಯಿ ಮಕ್ಕಳನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೊರಟುಹೋದಳು. ಅಜ್ಜಿಯೂ ಮೊಮ್ಮಕ್ಕಳನ್ನು ಕಟ್ಟಿಕೊಂಡು ಆ ಸೀಮೆಯನ್ನೇ ಸೇರಿದಳು. ಎಂಟು ವರ್ಷದ ಬಾಲಕನು ಕಂಡವರ ಹೊಲದಲ್ಲಿ ಆಳಾದನು. ಚಾವಟಿಯ ಏಟನ್ನೂ ತಿಂದನು. ಶಾಲೆಯ ಮೆಟ್ಟಿಲನ್ನು ಹತ್ತುವ ಯೋಗ ಅವನಿಗೆ ಬರಲಿಲ್ಲ. ಓದುಬರಹಗಳನ್ನು ತಾನಾಗಿ, ಬಲು ಕಷ್ಟದಿಂದ ಕಲಿತುಕೊಂಡನು.

೧೯೧೫ರ ಜನವರಿಯಲ್ಲಿ ಅವನು ಸೈನ್ಯಕ್ಕೆ ಸೇರಿದನು. ಅವನ ಪಾಲಿಗೆ ಬಂದುದು ಪಶ್ಚಿಮ ಆಸ್ಟ್ರೇಲಿಯಾದವರದೇ ಆದ ೧೧ನೆಯ ಪಟಾಲಮು. ಕಳುಹಿಸಿದ ಸ್ಥಳ ತುರ್ಕರ ದೇಶದ ಗಲಿಪೋಲಿ. ಸಮುದ್ರಕ್ಕೂ ಕಡಿದಾದ ಗುಡ್ಡಗಳಿಗೂ ನಡುವಣ ಅಂಗೈಯಗಲದ ನೆಲಕ್ಕಾಗಿ ಅಲ್ಲಿ ಎಂಟು ತಿಂಗಳ ಕಾಲ ಹೋರಾಟ ನಡೆಯಿತು. ಆಸ್ಟ್ರೇಲಿಯಾದವರೇ ೮,೦೦೦ಕ್ಕೆ ಮಿಕ್ಕಿ ಸತ್ತರು. ಅವರಲ್ಲಿ ಫೇಸಿಯ ಅಣ್ಣಂದಿರಿಬ್ಬರು ಸೇರಿದ್ದರು. ತಮ್ಮನು ಆಗಸ್ಟ್ ತಿಂಗಳಿನಲ್ಲಿ ಜರ್ಜರಿತವಾದ ದೇಹವನ್ನು ಹೊತ್ತು ಅಲ್ಲಿಂದ ಹೊರಬಿದ್ದನು.

ಇಲ್ಲಿ ಒಂದು ತೊಡಕಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಏಪ್ರಿಲ್ ೨೫ರ ಮುಂಜಾವಿನಲ್ಲಿ ಮೊದಲ ದೋಣಿಗಳೊಡನೆ ತಾನೂ ದಡಕ್ಕಿಳಿದೆನೆಂದು ಫೇಸಿ ಬರೆದಿದ್ದಾನೆ. ಸೈನ್ಯದ ದಾಖಲೆಗಳಾದರೋ ಅವನು ಬಂದುದು ಮೇ ೭ರಂದು ಎನ್ನುತ್ತವೆ. ಹಾಗಾದರೆ ಅವನು ಸುಳ್ಳುಗಾರನೆ? ಅವನ ಪಟಾಲಮು ಆ ದಿನ ಇಳಿದುದು ನಿಜ. ಅದರ ಕಥೆಯನ್ನು ಕಂದಕದಲ್ಲಿ ಜೊತೆಗಾರರ ಬಾಯಿಂದ ಕೇಳಿ ಕೇಳಿ ಅದು ತನ್ನದೇ ನೆನಪಾಗಿ ಬೇರೂರಿತೋ ಏನೋ. ಇತಿಹಾಸವನ್ನು ಕಲಿಸುವವರು ದಾಖಲೆಯನ್ನೇ ನಂಬಬೇಕು, ನಾವೂ ನಂಬುತ್ತೇವೆ. ಆದರೆ ಎರಡು ವಾರದ ಅಂತರದಿಂದ ಅವನ ಗಾಯಗಳು ಹಗುರವಾಗುವುದಿಲ್ಲ. ಅಣ್ಣಂದಿರೂ ಎದ್ದು ಬರುವುದಿಲ್ಲ.

ಊರಿಗೆ ಮರಳಿದವನು ೧೯೧೬ರಲ್ಲಿ ಈವ್ಲಿನ್ ಗಿಬ್ಸನ್ ಎಂಬ ಕನ್ಯೆಯನ್ನು ಮದುವೆಯಾದನು. ಕಂದಕದಲ್ಲಿದ್ದಾಗ ತನಗೆ ಬಂದ ಕಾಲುಚೀಲದ ಜೋಡಿಯೊಂದರಲ್ಲಿ ಆಕೆಯ ಹೆಸರಿನ ಶುಭಾಶಯದ ಚೀಟಿಯಿತ್ತೆಂದು ಅವನು ಹೇಳುತ್ತಾನೆ. ಪರ್ತ್ ನಗರದಲ್ಲಿ ಟ್ರಾಮ್ ಗಾಡಿಯನ್ನು ನಡೆಸಿದನು. ೧೯೨೨ರಲ್ಲಿ, ಮರಳಿದ ಸಿಪಾಯಿಗಳಿಗೆ ಸರಕಾರವು ಏರ್ಪಡಿಸಿದ್ದ ಯೋಜನೆಯಂತೆ ವಿಕೆಪಿನ್ ಎಂಬಲ್ಲಿ ಹೊಲ ಹಿಡಿದನು. ಸುಮಾರು ಹನ್ನೆರಡು ವರ್ಷ ದುಡಿದುದಾಯಿತು. ಧಾನ್ಯದ ಬೆಲೆಯು ಕುಸಿದ ದುರ್ದಿನಗಳಲ್ಲಿ, ೧೯೩೪ರಲ್ಲಿ, ಹೊಲವನ್ನು ಬಿಟ್ಟು ಟ್ರಾಮಿಗೇ ಹಿಂದಿರುಗಬೇಕಾಯಿತು. ಎರಡನೆಯ ಮಹಾಯುದ್ಧ ಬಂದಾಗ ಹಿರಿಯ ಮಗನು ೧೯೪೨ರಲ್ಲಿ ಸಿಂಗಪುರದಲ್ಲಿ ಮಡಿದನು. ಒಂದು ಯುದ್ಧ ಅಣ್ಣಂದಿರನ್ನು ನುಂಗಿತು, ಇನ್ನೊಂದು ಮಗನನ್ನು.

ಇಂಥವನು ತನ್ನ ಬಾಳಿನ ಕಥೆಯನ್ನು ಮನೆಯವರಿಗಾಗಿ ಬರೆದಿಟ್ಟನು. ೧೯೮೧ರಲ್ಲಿ ಫ್ರೀಮ್ಯಾಂಟಲ್ ಪಟ್ಟಣದ ಮುದ್ರಣ ಸಂಸ್ಥೆಯೊಂದು ಅದನ್ನು ಪ್ರಕಟಿಸಿತು. ದೇಶವೆಲ್ಲ ಅದನ್ನು ಓದಿತು. ಮರುವರ್ಷದ ಫೆಬ್ರವರಿಯಲ್ಲಿ, ತನ್ನ ೮೭ನೆಯ ವಯಸ್ಸಿನಲ್ಲಿ, ಅವನು ಕಣ್ಮುಚ್ಚಿದನು. ಆ ಗ್ರಂಥಕ್ಕೆ ಅವನಿಟ್ಟ ಹೆಸರು ‘ಎ ಫಾರ್ಚುನೇಟ್ ಲೈಫ್’. ಎಂದರೆ, ಭಾಗ್ಯಶಾಲಿಯ ಬಾಳು.

ಪದವಿಗಳನ್ನು ಪಡೆದ ನಮ್ಮಂಥವರು ಆ ಹೆಸರನ್ನು ಓದಿದಾಗ ಮೊದಲು ವ್ಯಂಗ್ಯವೆಂದುಕೊಳ್ಳುತ್ತೇವೆ. ಗ್ರಂಥವನ್ನು ಮುಗಿಸಿದ ಮೇಲೆ ವ್ಯಂಗ್ಯವು ಎಲ್ಲಿಯೂ ಕಾಣುವುದಿಲ್ಲ. ಅರುವತ್ತು ವರ್ಷಗಳಷ್ಟು ಜೊತೆಗಿದ್ದ ಹೆಂಡತಿ, ಬೆಳೆಸಿದ ಮಕ್ಕಳು, ತನ್ನ ಕೈಯ ದುಡಿಮೆ—ಇವುಗಳನ್ನು ಅವನು ಲೆಕ್ಕವಿಟ್ಟನು. ತನಗೆ ಬರಬೇಕಾಗಿದ್ದ ಬಾಕಿಯನ್ನು ಲೆಕ್ಕವಿಡಲಿಲ್ಲ. ಹಾಗೆಂದು ಆ ಬಾಕಿ ತೀರಿತೆಂದು ನಾವು ತಿಳಿಯಬಾರದು. ಅವನು ಕ್ಷಮಿಸಿದುದು ಅವನ ಹಿರಿಮೆ. ಮರೆಯದಿರುವುದು ನಮ್ಮ ಕರ್ತವ್ಯ.